ಕಲ್ಲಿನ ಬಾನಿ, ತೂತು ಬಕೀಟು

ಮಲಕಾಜಪ್ಪನ ಮೇಲೆ ಆ ಗುರುವಾರ ಬಂದೆರಗಿದ ಆಪತ್ತಿಗೆಲ್ಲ ಮೂಲ ಒಂದು ಚಿಟಿಕೆ ಸುಣ್ಣ. ಹೇಳಿದವರು ದನದ ದವಾಖಾನೆಯ ಕಂಪೌಂಡರು. ಸರಕಾರದ ಬಿಳಿ ಹಂದಿಮರಿಯನ್ನು ಅವನ ಕೈಗೆ ಕೊಡುವಾಗ, "ಎಲುಬು ಗಟ್ಟಿ ಆಗ್ಲಿ, ದಿನಾ ಕೂಳಿನಾಗ ಒಂದು ಚಿಟಿಕಿ ಸುಣ್ಣ ಹಾಕ್ರಿ" ಎಂದಿದ್ದರು. ಮಾತೇನೋ ಸರಿಯಾದದ್ದೇ. ಆದರೆ ಸುಣ್ಣದ ಮಾತನ್ನು ಯಾರ ಮುಂದೆ ಆಡುತ್ತಿದ್ದೇನೆಂದು ಪಾಪ ಅವರು ಒಮ್ಮೆ ಯೋಚಿಸಬೇಕಿತ್ತು.

ಗಡಿಯಾಚೆ ಮರಾಠಿ ಸೀಮೆಗೆ ಸೇರಿದ ಕನ್ನಡದ ಊರು ತಿಕೋಂಡಿ. ಅಲ್ಲಿ ಕಲ್ಲು ಒಡೆದು, ಸುಣ್ಣ ಸುಟ್ಟು, ಹಂದಿ ಸಾಕಿ ಬದುಕುವವರದೊಂದು ಓಣಿ. ಆ ಓಣಿಯಲ್ಲಿ ಮೂರು ತಲೆಮಾರಿನಿಂದ ಸುಣ್ಣದ ಭಟ್ಟಿ ಇದ್ದದ್ದು ಮಲಕಾಜಪ್ಪನ ಮನೆಯವರದು. ಸನಮಡಿಯಿಂದ ಬಾಲಗಾಂವದವರೆಗೆ ಬೆಳ್ಳಗಿರುವ ಗೋಡೆ ಕಂಡರೆ ಅವನು ಎದೆ ಸೆಟೆಸಿ ಒಂದು ಗಳಿಗೆ ನಿಲ್ಲುತ್ತಿದ್ದ. ಅವನ ಸುಣ್ಣ ಬಳಿದ ಗೋಡೆಯ ಮೇಲೆ ಬರೆದದ್ದು ಅಳಿಯುವುದಿಲ್ಲವೆಂದು ಸುತ್ತಲಿನ ಹಳ್ಳಿಗಳಲ್ಲೆಲ್ಲ ಹೆಸರಾಗಿತ್ತು. ಬಾಲಗಾಂವದ ಗೋಡೆಯೊಂದರ ಮೇಲೆ ಚುನಾವಣೆಗೆ ನಿಂತು ಸೋತವನೊಬ್ಬನ ಹೆಸರಿತ್ತು. ನಾಚಿಕೆ ತಡೆಯಲಾರದೆ ಅವನೇ ಆಳು ಹಚ್ಚಿ ಉಜ್ಜಿಸಿದ, ಹೆಂಡತಿಯಿಂದ ಸಗಣಿ ಸಾರಿಸಿದ. ಎರಡು ಮಳೆ ಬಿದ್ದ ಮೇಲೆ ಹೆಸರು ಮತ್ತೆ ಎದ್ದು ಬಂದು, ಇವತ್ತಿಗೂ ಮತ ಕೇಳುತ್ತಲೇ ಇದೆ.

ಇಂಥ ಮನೆತನದವನಿಗೆ ಚಿಟಿಕೆ ಸುಣ್ಣ ಎಂದರೆ ಅವಮಾನವಲ್ಲವೆ? "ಚಿಟಿಕಿ ಹಾಕ್ಲಾಕ ನಾವೇನು ಎಲಿ-ಅಡಿಕಿ ತಿನ್ನವರೇನು? ಚಿಟಿಕಿಗೆ ಎಲುಬು ಗಟ್ಟಿ ಆಗೂದಾದ್ರ ಬೊಗಸಿಗೆ ಕಲ್ಲಾಗ್ತೈತಿ" ಎಂದು ಅವನು ದಿನಾ ಒಂದೊಂದು ಬೊಗಸೆ ಹಾಕಿದ. ಹಾಕಿದ್ದು ಎಂಥದರಲ್ಲಿ! ಒಂದೇ ಕರಿಕಲ್ಲನ್ನು ಇಪ್ಪತ್ತು ದಿನ ಕಡೆದು, ಅಂಚಿಗೆ ಬಳ್ಳಿ ಬಿಡಿಸಿ ಮಾಡಿದ ಬಾನಿಯಲ್ಲಿ. ದಾರಿಯಲ್ಲಿ ಹೋಗುವವರು ಆ ಬಾನಿ ನೋಡಲೆಂದೇ ನಿಲ್ಲುತ್ತಿದ್ದರು. ಹಂದಿಗೆ ಬಿಳಿಯಕ್ಕ ಎಂದು ಹೆಸರಿಟ್ಟಿದ್ದ. ಅದರ ಕೊರಳಲ್ಲಿ ಸರಕಾರ ಕೊಟ್ಟ ಹಿತ್ತಾಳೆಯ ಬಿಲ್ಲೆ, ಅದರ ಮೇಲೆ ಏಳು ಎಂಬ ಅಂಕಿ.

ಎಂಟನೇ ಅಂಕಿಯ ಬಿಲ್ಲೆ ಬಿಳಿಯಕ್ಕನ ಒಡಹುಟ್ಟಿದ ತಂಗಿಗೆ ಸಿಕ್ಕಿತ್ತು. ಅದನ್ನು ಸಾಕಿದವನು ಗುರಪ್ಪ, ಮಲಕಾಜಪ್ಪನ ಹೆಂಡತಿ ಸಿದ್ದವ್ವನ ತಮ್ಮ. ಓಣಿಯ ಆ ತುದಿಯಲ್ಲಿ ಅವನ ಮನೆ. ಬೇಕಾದರೆ ಮಾತ್ರ ಏಳುವ, ಬೇಡವಾದರೆ ಮಲಗಿಯೇ ಇರುವ ಸುಖಪುರುಷ. ಬಾನಿ ಕಡೆಯುವುದಿರಲಿ, ಬಾನಿ ಎಂಬ ಮಾತು ಕೇಳಿದರೂ ಅವನಿಗೆ ಆಕಳಿಕೆ ಬರುತ್ತಿತ್ತು. ಹಂದಿಗೆ ಕೂಳು ಹಾಕುತ್ತಿದ್ದದ್ದು ಒಂದು ಹಳೆಯ ತಗಡಿನ ಬಕೀಟಿನಲ್ಲಿ. ಅದಕ್ಕೂ ಬುಡದಲ್ಲಿ ತೂತು. ಸುಣ್ಣ ಹಾಕಿದೆಯೇನೋ ಎಂದು ಕೇಳಿದರೆ, "ನನ್ನ ಎಲಿಗೇ ಸಾಲೂದಿಲ್ಲ, ಹಂದಿಗಿ ಎಲ್ಲಿಂದ ತರ್ಲಿ?" ಎನ್ನುತ್ತಿದ್ದ.

ಆರು ತಿಂಗಳಲ್ಲಿ ಗುರಪ್ಪನ ಹಂದಿ ಆಗತಾನೆ ಕಡೆದ ಬೆಣ್ಣೆಯ ಮುದ್ದೆಯಂತೆ ನುಣ್ಣಗಾಯಿತು. ಬಿಳಿಯಕ್ಕನ ಮೈಮೇಲೆ ಮಾತ್ರ ಮೊದಲು ಕೆಂಪು ಚುಕ್ಕೆ, ಆಮೇಲೆ ಹಕ್ಕಳೆ, ಕಡೆಗೆ ಬೇವಿನ ಮರದ ತೊಗಟೆಯೇ ಬಂದು ಕೂತಿತು. ಮಲಕಾಜಪ್ಪ ಅದಕ್ಕೂ ಹೆದರಲಿಲ್ಲ. ಎಲುಬು ಇನ್ನೂ ಸರಿಯಾಗಿ ಗಟ್ಟಿಯಾಗಿಲ್ಲವೆಂದು ಇನ್ನರ್ಧ ಬೊಗಸೆ ಹೆಚ್ಚಿಗೆ ಹಾಕಿದ.

ಅಷ್ಟರಲ್ಲಿ ಕಾಗದ ಬಂತು. ಗ್ರಾಮಸೇವಕ ಭೀಮರಾಯ ಅದನ್ನು ಚಾವಡಿಯ ಕಟ್ಟೆಯ ಮೇಲೆ ನಿಂತು ಓದಿದ. ಗುರುವಾರ ಮಧ್ಯಾಹ್ನ ದೊಡ್ಡ ಡಾಕ್ಟರ ಸಾಹೇಬರು ಬಂದು ಎರಡೂ ಹಂದಿಗಳ ಚರ್ಮ ತಪಾಸಣೆ ಮಾಡುವರು, ತಪಾಸಣೆಯಾದ ಮೇಲೆ ಒಂದು ಮನೆಗೆ ಬಿಳಿ ಗಂಡುಹಂದಿಯನ್ನೂ ಒಂದು ವರ್ಷ ತಿನ್ನಿಸುವಷ್ಟು ದಾಣಿಯನ್ನೂ ಕೊಡಲಾಗುವುದು. ಕಾಗದದಲ್ಲಿದ್ದದ್ದು ಅಷ್ಟೇ. ಉಳಿದದ್ದನ್ನು ಊರವರು ಸೇರಿಸಿಕೊಂಡರು. ಸಾಲೆಯಲ್ಲಿ ಮೊದಲನೇ ನಂಬರು ಬಂದವನಿಗೆ ಬಹುಮಾನ ಕೊಡುವುದಿಲ್ಲವೆ, ಹಾಗೆಯೇ ಇದೂ. ಯಾರ ಹಂದಿಯ ಚರ್ಮ ಮಿಂಚುತ್ತದೆಯೋ ಅವರಿಗೆ ಗಂಡುಹಂದಿ.

ತಾಲೂಕಿನಲ್ಲೇ ಅಂಥ ಗಂಡು ಇನ್ನೊಂದಿರಲಿಲ್ಲ. ಅದು ಯಾರ ಬಾಗಿಲಲ್ಲಿ ನಿಲ್ಲುತ್ತದೆಯೋ ಆ ಬಾಗಿಲಿಗೆ ಹತ್ತೂರಿನ ಹಂದಿ ಸಾಕುವವರು ಕೈಕಟ್ಟಿ ಬರಬೇಕು. ತನ್ನ ಬಾಗಿಲು ಬಿಟ್ಟು ಅವರೆಲ್ಲ ಗುರಪ್ಪನ ಬಾಗಿಲಿಗೆ ಹೋಗುವುದನ್ನು ನೆನೆದರೆ ಮಲಕಾಜಪ್ಪ ಉಣ್ಣುವ ತಾಟು ಬಿಟ್ಟು ಏಳುತ್ತಿದ್ದ. ಸಾಹೇಬರು ಬರುತ್ತಾರೆಂದು ಬುಧವಾರ ಸಂಜೆ ಚಾವಡಿಯ ಗೋಡೆಗೆ ಅವನೇ ಕೈಯಾರೆ ಸುಣ್ಣ ಬಳಿದ. ಬಳಿಯುವಷ್ಟು ಹೊತ್ತೂ, ಈ ಗೋಡೆಯ ಮೇಲೆ ತನ್ನ ಹೆಸರು ಬರೆದರೆ ಎಷ್ಟು ಚಂದ ಕಾಣುತ್ತದೆ ಎಂದು ಅಂದುಕೊಳ್ಳುತ್ತಲೇ ಇದ್ದ.

ಗುರುವಾರ ಬೆಳಕು ಹರಿಯಿತು. ಬಿಳಿಯಕ್ಕನ ಮೈಮೇಲೆ ತೊಗಟೆ ಹಾಗೇ ಇತ್ತು. ಅಂಗಳದಲ್ಲಿ ಆಗಲೇ ಎದುರುಮನೆಯ ಮುದುಕಿ ಸಂಗವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಊರಿನ ಯಾವ ಹುಣ್ಣಿಗೂ ಅವಳ ಹತ್ತಿರ ಮದ್ದಿತ್ತು. ವಾಸಿಯಾದ ಹುಣ್ಣು ಮಾತ್ರ ಯಾರೂ ನೋಡಿರಲಿಲ್ಲ.

"ಏ ತಮ್ಮಾ, ಇದು ಉಷ್ಣ. ಅರಿಷಿಣ ಹಚ್ಚು. ಮದುಮಗಳ್ಹಂಗ ಆಗ್ತೈತಿ."

ಅರಿಷಿಣ ಹಚ್ಚಿದರು. ಬಿಳಿಯಕ್ಕ ಮದುಮಗಳಂತೇನೋ ಆಯಿತು, ಆದರೆ ತೊಗಟೆಯುಳ್ಳ ಹಳದಿ ಮದುಮಗಳು. ಆ ಹೊತ್ತಿಗೆ ಕುರಿಗಳನ್ನು ಹೊಡೆದುಕೊಂಡು ಹೊರಟಿದ್ದ ಶಿದ್ರಾಯ ಬಡಿಗೆಗೆ ಗದ್ದವೂರಿ ನಿಂತುಕೊಂಡ.

"ಅರಿಷಿಣದಿಂದ ಏನಾಕ್ಕೈತ್ಯೋ ಮಲಕಾಜಿ? ಇದು ಹುರುಕು. ನಮ್ಮ ಕುರಿಗೆ ಬಂದ್ರ ಹೊಂಗಿ ಎಣ್ಣಿ ಹಚ್ತೀವಿ. ಒಂದ ಸಲಕ್ಕ ಚೊಕ್ಕ."

"ಇವತ್ತ ಮಧ್ಯಾಹ್ನಕ್ಕ ಚೊಕ್ಕ ಆಗ್ತೈತೇನು?"

"ಇವತ್ತ ಹಚ್ಚಿದ್ರ ಬರೂ ಅಮಾಸಿಗೆ."

ಮಧ್ಯಾಹ್ನಕ್ಕೂ ಅಮಾವಾಸ್ಯೆಗೂ ನಡುವೆ ಹದಿನಾಲ್ಕು ದಿನವಿತ್ತು. ಆದರೂ ಕೈಗೆ ಬಂದದ್ದನ್ನು ಬಿಡಬಾರದೆಂದು ಹೊಂಗೆ ಎಣ್ಣೆಯನ್ನೂ ಹಚ್ಚಿದರು. ಈಗ ಬಿಳಿಯಕ್ಕ ಹಳದಿಯಾಗಿ, ಜಿಡ್ಡಾಗಿ, ನೊಣಗಳಿಗೆಲ್ಲ ನೆಂಟಳಾಯಿತು.

ಮಲಕಾಜಪ್ಪ ಒಂದು ಕ್ಷಣ ತಲೆ ಮೇಲೆ ಕೈಹೊತ್ತು ಕೂತ. ಆಮೇಲೆ ಚಟ್ಟನೆ ಎದ್ದ. ತಾನು ಯಾರ ಮಗ? ಸೀಳು ಬಿಟ್ಟ ಎಷ್ಟು ಗೋಡೆಗಳನ್ನು ಕನ್ನಡಿ ಮಾಡಿಲ್ಲ? ಹಂದಿಯ ಮೈ ಗೋಡೆಗಿಂತ ದೊಡ್ಡದೇನೂ ಅಲ್ಲವಲ್ಲ.

"ಸುಣ್ಣ ಹಚ್ಚಿದ್ರ ಮೈ ಸುಡ್ತೈತ್ರೀ, ಮೂಕಪ್ರಾಣಿ" ಎಂದಳು ಸಿದ್ದವ್ವ.

"ಅಷ್ಟು ಗೊತ್ತಿಲ್ಲೇನ ನನಗ? ಬಿಳಿಮಣ್ಣು ಹಚ್ತೀನಿ. ಹಿಡಿತಕ್ಕ ಬೆಲ್ಲದ ನೀರು."

ಗೋಡೆಯ ಗಿಲಾವಿಗೆ ಬೆಲ್ಲದ ನೀರು ಹಾಕುವುದು ಅವನ ಅಜ್ಜನ ಕಾಲದ ಗುಟ್ಟು. ಬಿಳಿಮಣ್ಣನ್ನು ಅರಿವೆಯಲ್ಲಿ ಸೋಸಿ, ಬೆಲ್ಲದ ನೀರಲ್ಲಿ ಕಲಸಿ, ತೊಗಟೆಯ ಸೀಳುಗಳಲ್ಲಿ ತುಂಬಿ, ಕರಣೆಯ ಬೆನ್ನಿನಿಂದ ತಿಕ್ಕಿ ತಿಕ್ಕಿ ನಯ ಮಾಡಿದ. ನಿಜ ಹೇಳಬೇಕೆಂದರೆ ಕೆಲಸ ಸೊಗಸಾಗಿತ್ತು. ಸಂಗವ್ವನೂ ಮೂಗಿನ ಮೇಲೆ ಬೆರಳಿಟ್ಟಳು. ಬಿಳಿಯಕ್ಕ ಅಲುಗದೆ ನಿಂತರೆ ಯಾರೋ ಅಮೃತಶಿಲೆಯಲ್ಲಿ ಕಡೆದು ನಿಲ್ಲಿಸಿದ್ದಾರೆ ಎನ್ನಬೇಕು.

ಆದರೆ ಗೋಡೆಗೂ ಹಂದಿಗೂ ಒಂದು ವ್ಯತ್ಯಾಸವಿದೆ. ಬೆಲ್ಲದ ವಾಸನೆ ಬಂದರೆ ಗೋಡೆ ತನ್ನ ಮೈ ತಾನು ನೆಕ್ಕಿಕೊಳ್ಳುವುದಿಲ್ಲ. ಬಿಳಿಯಕ್ಕ ಮೊದಲು ಮುಂಗಾಲು ನೆಕ್ಕಿತು. ಆಮೇಲೆ ಶಿದ್ರಾಯನ ಹಿಂಡಿನಿಂದ ಎರಡು ಆಡು ಬೇಲಿ ಜಿಗಿದು ಬಂದು ಆಚೆಗೊಂದು ಈಚೆಗೊಂದು ನಿಂತು ಪಕ್ಕೆ ನೆಕ್ಕತೊಡಗಿದವು. ಇರುವೆಗಳು ಸಾಲುಗಟ್ಟಿ ಬಂದವು. ಅವು ಕಚ್ಚಿದ ಕೂಡಲೇ ಬಿಳಿಯಕ್ಕ ಕಿರುಚಿಕೊಂಡು, ಆಡುಗಳನ್ನು ಕೆಡವಿ, ಸಂಗವ್ವನ ಸೀರೆಯ ನೆರಿಗೆಯ ಮೇಲಿಂದ ಹಾದು, ಭಟ್ಟಿಯ ಬೂದಿಗುಂಡಿಯಲ್ಲಿ ಹೋಗಿ ಹೊರಳಿತು.

ಎರಡು ಕೊಡ ನೀರು ಸುರಿದ ಮೇಲೆ ಅರಿಷಿಣ, ಎಣ್ಣೆ, ಮಣ್ಣು, ಬೂದಿ ಎಲ್ಲವೂ ಹೋದವು. ತೊಗಟೆ ಉಳಿಯಿತು.

ಹೊತ್ತು ನೆತ್ತಿಗೇರುತ್ತಿತ್ತು. ಸಿದ್ದವ್ವ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ, ನೆಲ ನೋಡುತ್ತ ಹೇಳಿದಳು: "ನಮ್ಮ ತಮ್ಮನ ಹಂದಿ ಒಂದಿನಕ್ಕ ಇಸಗೊಂಡು ಬರ್ರಿ. ಎರಡೂ ಒಂದ ಅಚ್ಚಿನಾಗ ಹೊಯ್ದಂಗ ಅದಾವ. ಬಿಲ್ಲಿ ಅದಲಬದಲ ಮಾಡಿದ್ರ ಯಾರಿಗಿ ಗೊತ್ತಾಗ್ತೈತಿ?"

ಮಲಕಾಜಪ್ಪನಿಗೆ ಮೈಯೆಲ್ಲ ಉರಿಯಿತು. ತಾನು ಗುರಪ್ಪನ ಬಾಗಿಲಿಗೆ ಹೋಗಿ ಕೈಯೊಡ್ಡುವುದೆ? ಆದರೆ ಇವತ್ತು ಹೋಗದಿದ್ದರೆ ನಾಳೆಯಿಂದ ಜೀವಮಾನವಿಡೀ ಅದೇ ಬಾಗಿಲಿಗೆ ಹಂದಿ ಹೊಡೆದುಕೊಂಡು ಹೋಗಬೇಕಾಗುತ್ತದೆ. ರುಮಾಲು ಬಿಗಿದು ಹೊರಟ.

ಗುರಪ್ಪ ಹೊರಸಿನ ಮೇಲೆ ಮಲಗಿದ್ದ. ಎಲ್ಲ ಕೇಳಿ, ಮಲಗಿದಲ್ಲಿಂದಲೇ ನಕ್ಕ.

"ಕೊಡ್ತೀನಿ ಮಾಂವ, ನಿನಗಿಲ್ಲ ಅಂತೀನೇನು? ಗಂಡುಹಂದಿ ಕಟಗೊಂಡು ನಾ ಏನ್ ಮಾಡ್ಲಿ, ಅದಕ್ಕ ಎದ್ದು ಕೂಳ ಹಾಕಬೇಕು. ಆದ್ರ ನಿನ್ನ ಕಲ್ಲಿನ ಬಾನಿ ನನಗ ಕೊಡಬೇಕು. ಒಂದಿನಕ್ಕಲ್ಲ, ಕಾಯಂ."

"ಬಾನಿ? ಇಪ್ಪತ್ತು ದಿನ ಕಡದೀನೋ ಅದನ್ನ!"

"ಅದಕ್ಕಽ ಕೇಳ್ತೀನಿ. ನಾ ಕಡೀಬೇಕಂದ್ರ ಇಪ್ಪತ್ತು ವರ್ಷ ಬೇಕು."

ಮಲಕಾಜಪ್ಪನಿಗೆ ಅದು ಬಿಸಿ ತುಪ್ಪವಾಯಿತು, ಉಗುಳುವಂತಿಲ್ಲ, ನುಂಗುವಂತಿಲ್ಲ. ಕಡೆಗೆ ನುಂಗಿದ. ಆರು ಮಂದಿ ಹಗ್ಗ ಹಾಕಿ ಬಾನಿಯನ್ನು ಓಣಿಯ ಆ ತುದಿಗೆ ಎಳೆದರು. ಬುಡದಲ್ಲಿ ಗಟ್ಟಿಯಾಗಿ ಹತ್ತಿದ್ದ ಸುಣ್ಣವೂ ಅದರ ಜೊತೆಗೇ ಹೋಯಿತು. ಬದಲಿಗೆ ಗುರಪ್ಪನ ಹಂದಿ ಬಂತು. "ಇದು ಬ್ಯಾರೇದ್ರಾಗ ಉಣ್ಣಂಗಿಲ್ಲ ಮಾಂವ" ಎಂದು ತೂತು ಬಕೀಟನ್ನೂ ಅವನು ಹಿಂದೆಯೇ ಕಳಿಸಿದ. ಬಿಲ್ಲೆಗಳು ಅದಲುಬದಲಾದವು. ತೊಗಟೆಯ ಬಿಳಿಯಕ್ಕ ಗುರಪ್ಪನ ಮನೆಯಲ್ಲಿ ಎಂಟನೇ ನಂಬರಾಯಿತು, ಬೆಣ್ಣೆ ಮುದ್ದೆ ಮಲಕಾಜಪ್ಪನ ಅಂಗಳದಲ್ಲಿ ಏಳನೇ ನಂಬರಾಯಿತು. ಬಾನಿ ಇದ್ದ ಜಾಗದಲ್ಲಿ ನೆಲ ಮಾತ್ರ ತಗ್ಗಾಗಿ ಉಳಿಯಿತು. ಅದನ್ನು ಕಂಡು ಅವನಿಗೆ ಅಳು ಬಂತು. ಆದರೆ ಹುಬ್ಬಿನ ಮೇಲೆ ಕೈಯಿಟ್ಟು, ಬಿಸಿಲು ನೋಡುವವನಂತೆ ಮಾಡಿದ.

ಒಂದು ಗಂಟೆಗೆ ಜೀಪು ಬಂತು. ಮುಂದೆ ಡಾಕ್ಟರ ಸಾಹೇಬರು, ಹಿಂದೆ ಜಾಳಿಗೆ ಹಾಕಿದ ಪೆಟ್ಟಿಗೆಯಲ್ಲಿ ಗಂಡುಹಂದಿ. ಅದು ಜಾಳಿಗೆಯೊಳಗಿಂದ ಊರನ್ನು ನೋಡಿದ ಗತ್ತಿಗೆ ಚಾವಡಿಯ ಮುಂದಿದ್ದವರು ತಾವಾಗಿಯೇ ಎದ್ದು ನಿಂತರು. ಸಾಹೇಬರ ತಾಯಿಯ ತವರು ಅಥಣಿಯಂತೆ, ಕನ್ನಡವನ್ನು ಮನೆಯವರಂತೆ ಆಡಿದರು. ಭೀಮರಾಯ ಅವರನ್ನು ನೇರವಾಗಿ ಮಲಕಾಜಪ್ಪನ ಅಂಗಳಕ್ಕೆ ಕರೆತಂದ. ಹಿಂದೆ ಇಡೀ ಓಣಿ. ಗುರಪ್ಪನೂ ಎದ್ದು ಬಂದಿದ್ದ, ಅದೇ ಒಂದು ವಿಶೇಷ.

ಸಾಹೇಬರು ಕಿಸೆಯಿಂದ ಒಂದು ಕಾಗದ ತೆಗೆದು ನೋಡಿದರು, ಹಂದಿಯ ಬಿಲ್ಲೆ ನೋಡಿದರು, ಮತ್ತೆ ಕಾಗದ ನೋಡಿದರು.

"ಇದು ಏಳು ನಂಬರೇನ್ರಿ? ನಮ್ಮ ಕಂಪೌಂಡರು ಹೋದ ತಿಂಗಳ ತೂಕ ಮಾಡ್ಲಿಕ್ಕೆ ಬಂದಾಗ ಬರದಾರ, ಏಳು ನಂಬರಿನ ಮೈತುಂಬ ಹಕ್ಕಳಿ ಅದ ಅಂತ."

ಮಲಕಾಜಪ್ಪ ಎರಡು ಹೆಜ್ಜೆ ಮುಂದೆ ಬಂದ. ಇಷ್ಟು ಮಾಡಿ ಇಲ್ಲಿ ಬೀಳುವುದೆ?

"ತಪ್ಪು ಬರದಾರ್ರೀ ಸಾಹೇಬ್ರ! ನಮ್ಮ ಹಂದಿಗಿ ಹುಟ್ಟಿದಾಗಿಂದ ಒಂದು ಚುಕ್ಕಿ ಎದ್ದಿಲ್ಲ. ನೀವಽ ನೋಡ್ರಿ, ಕೈಯಾಡಿಸಿ ನೋಡ್ರಿ. ಹಕ್ಕಳಿ ಇದ್ದದ್ದು ಎಂಟು ನಂಬರಿಗಿ. ನಮ್ಮ ಗುರಪ್ಪಂದು."

"ಖಾತ್ರಿ ಏನು?"

"ಬೇಕಾದ್ರ ಕಾಗದ ತಿದ್ರಿ. ನಾ ಹೆಬ್ಬಟ್ಟು ಒತ್ತತೀನಿ."

ಸಾಹೇಬರು ಪೆನ್ನು ತೆಗೆದು ಏಳನ್ನು ಹೊಡೆದು ಹಾಕಿ ಎಂಟು ಬರೆದರು. ಮಲಕಾಜಪ್ಪ ಪಕ್ಕದಲ್ಲಿ ಹೆಬ್ಬೆಟ್ಟೊತ್ತಿದ. ಒತ್ತುವಾಗ ಗುರಪ್ಪನ ಕಡೆ ನೋಡಿ ಮೀಸೆಯ ತುದಿ ತಿರುವಿದ.

ಅಷ್ಟರಲ್ಲಿ ಸಾಹೇಬರ ಕಣ್ಣು ಮೂಲೆಯ ಬಕೀಟಿನ ಮೇಲೆ ಬಿತ್ತು. ಅದನ್ನು ಎತ್ತಿ, ಉಗುರಿನಿಂದ ಒಳಗೆ ಕೆರೆದು, ಖುಷಿಯಿಂದ ತಲೆಯಾಡಿಸಿದರು.

"ಇದ್ರಾಗಽ ಕೂಳು ಹಾಕ್ತೀರೇನು? ಅದಕ್ಕಽ ಇಷ್ಟು ಚಲೋ ಅದ ಚರ್ಮ. ಈ ತಗಡಿನ ಮ್ಯಾಲೆ ಜಸ್ತದ, ಅಂದ್ರ ಸತುವಿನ, ಲೇಪ ಇರ್ತದ. ಅದು ಸ್ವಲ್ಪ ಸ್ವಲ್ಪ ಕೂಳಿನಾಗ ಕರಗಿ ಹೊಟ್ಟಿಗೆ ಹೋಗ್ತದ. ಹಂದಿ ಚರ್ಮಕ್ಕ ಜಸ್ತ ಬೇಕಽ ಬೇಕು. ಸುಣ್ಣ ಮಿತಿ ಮೀರಿದ್ರ ಆ ಜಸ್ತ ಮೈಗೆ ಹತ್ತೂದಿಲ್ಲ, ಚರ್ಮ ದಪ್ಪಾಗಿ ಹಕ್ಕಳಿ ಬರ್ತದ. ಒಂದಕ್ಕೊಂದು ತೂಗಿಸಿಕೊಂಡು ಹೋಗಬೇಕ್ರಿ. ಶಾಣ್ಯಾ ಮನುಷ್ಯ ಇದ್ದೀರಿ ನೀವು."

ತೂತು ಬಕೀಟಿನ ಹೊಗಳಿಕೆಯನ್ನು ಮಲಕಾಜಪ್ಪ ತಲೆಬಾಗಿ ಸ್ವೀಕರಿಸಿದ. ಹಿಂದೆ ಗುರಪ್ಪ ಕೆಮ್ಮಿದ.

"ಹಂಗಂದ್ರ ಸಾಹೇಬ್ರ, ಗಂಡುಹಂದಿ ಇಲ್ಲೇ ಇಳಸೂದಲ್ರೀ?" ಎಂದ ಮಲಕಾಜಪ್ಪ.

"ಇಲ್ಲ್ಯಾಕ? ನಿಮ್ಮ ಹಂದಿಗೆ ಏನೂ ಆಗಿಲ್ಲಲ್ಲ. ಬ್ಯಾನಿ ಇದ್ದಲ್ಲೇ ಔಷಧ ಕೊಡಬೇಕು. ಎಂಟು ನಂಬರಿನ ಮನ್ಯಾಗ ಗಂಡು ಇಡ್ತೀವಿ. ಆ ಜೋಡಿಗೆ ಒಂದು ವರ್ಷ ಜಸ್ತ ಕೂಡಿಸಿದ ದಾಣಿ ಹಾಕಿ, ಬ್ಯಾನಿ ಹೋಗೂದೂ ನೋಡಬೇಕು, ಮರಿ ಹೆಂಗ ಹುಟ್ತಾವ ಅಂತನೂ ನೋಡಬೇಕು. ಅದಕ್ಕಽ ನಾ ಬಂದದ್ದು."

ಮಲಕಾಜಪ್ಪ ಜನರ ಜೊತೆಗೇ ಜೀಪಿನ ಹಿಂದೆ ನಡೆದ. ಜೀಪು ಅವನ ಬಾಗಿಲು ದಾಟಿ ಓಣಿಯ ಆ ತುದಿಗೆ ಹೋಯಿತು. ಗಂಡುಹಂದಿ ಗತ್ತಿನಿಂದ ಇಳಿದು, ಸೀದಾ ಹೋಗಿ, ಬಳ್ಳಿ ಬಿಡಿಸಿದ ಕಲ್ಲಿನ ಬಾನಿಗೆ ಮೂತಿ ಇಟ್ಟಿತು. ಅದರ ಹಿಂದೆಯೇ ದಾಣಿಯ ಚೀಲಗಳು ಇಳಿದವು. ಅವುಗಳ ಜೊತೆ ಒಬ್ಬ ಆಳೂ ಇಳಿದ. ಕೂಳು ಹಾಕಲು ಸರಕಾರದವರೇ ನೇಮಿಸಿದವನು. ಗುರಪ್ಪ ಏಳಬೇಕಾದದ್ದೂ ತಪ್ಪಿತು.

ಸಾಹೇಬರು ಬಿಳಿಯಕ್ಕನನ್ನು ತಿರುಗಿಸಿ ತಿರುಗಿಸಿ ನೋಡಿದರು. ಅವರ ಮುಖದಲ್ಲಿ ಭಕ್ತಿಯಂಥದೇ ಏನೋ ಇತ್ತು.

"ಹನ್ನೆರಡು ವರ್ಷ ನೌಕರಿ ಆತು. ಇಂಥಾ ಹಕ್ಕಳಿ ನಾ ಪುಸ್ತಕದಾಗಽ ನೋಡಿಲ್ಲ! ಈ ಬಾನಿ ತಳದಾಗ ಸುಣ್ಣ ನೋಡ್ರಿ, ಎಷ್ಟು ಗಟ್ಟಿ ಹಿಡಿದದ. ಏನಪಾ ಗುರಪ್ಪ, ದಿನಕ್ಕ ಎಷ್ಟು ಹಾಕ್ತಿದ್ದಿ?"

ಗುರಪ್ಪ ತಲೆ ಕೆರೆದುಕೊಂಡ. "ಚಿಟಿಕಿ ಇರಬೇಕ್ರಿ."

"ಚಿಟಿಕಿಗೆ ಇಷ್ಟು ಆಗೂದಿಲ್ಲ. ಸಾಮಾನ್ಯ ಸುಣ್ಣಕ್ಕೂ ಆಗೂದಿಲ್ಲ. ಯಾವ ಸುಣ್ಣ ಇದು?"

ಮಲಕಾಜಪ್ಪ ಅಷ್ಟು ಹೊತ್ತು ತಡೆದುಕೊಂಡಿದ್ದ. ಬಾನಿ ಹೋಯಿತು, ತಡೆದ. ಗಂಡುಹಂದಿ ಹೋಯಿತು, ತಡೆದ. ಆದರೆ ಸಾಹೇಬರಂಥ ಸಾಹೇಬರು ಬೆರಗಾಗಿ ಕೇಳುತ್ತಿರುವ ಸುಣ್ಣ ಹೆಸರಿಲ್ಲದೆ ನಿಲ್ಲುವುದನ್ನು ಅವನಿಂದ ತಡೆಯಲಾಗಲಿಲ್ಲ. ಜನರನ್ನು ಸರಿಸಿ ಮುಂದೆ ಬಂದ.

"ಚಿಟಿಕಿ ಅಲ್ರೀ, ಬೊಗಸಿ! ದಿನಾ ಬೊಗಸಿ, ಹೋದ ತಿಂಗಳದಿಂದ ಒಂದೂವರಿ! ಹಾಕಿದಾಂವ ನಾ. ನನ್ನ ಭಟ್ಟಿ ಸುಣ್ಣ ಅದು, ಮೂರು ತಲಿಯಿಂದ ಬಂದದ್ದು. ಈ ತಾಲೂಕದಾಗ ಇಂಥಾ ಹಕ್ಕಳಿ ಮತ್ತ್ಯಾರ ಸುಣ್ಣಕ್ಕ ಬರ್ತೈತಿ ಹೇಳ್ರಿ?"

"ನಿಮ್ಮ ಹಂದಿಗೆ ಬಕೀಟು, ಇವರ ಹಂದಿಗೆ ಬೊಗಸಿ ಸುಣ್ಣ?" ಸಾಹೇಬರ ಹುಬ್ಬು ಗಂಟಾಯಿತು.

"ಇದ ನನ್ನ ಹಂದಿ ರೀ! ಬಿಲ್ಲಿ ಅದಲಬದಲ ಮಾಡೀವಿ!"

ಸಾಹೇಬರು ಕಾಗದ ಬಿಚ್ಚಿ ಹಿಡಿದರು. ಹೊಡೆದ ಏಳು, ಬರೆದ ಎಂಟು, ಪಕ್ಕದಲ್ಲಿ ಇನ್ನೂ ಹಸಿಯಾಗಿದ್ದ ಹೆಬ್ಬೆಟ್ಟು.

"ಸಿಟ್ಟಾಗಬ್ಯಾಡ್ರಿ ಸಾಹೇಬ್ರ" ಎಂದ ಗುರಪ್ಪ, ಬಲು ವಿನಯದಿಂದ. "ನಮ್ಮ ಮಾಂವಗ ನಮ್ಮ ಹಂದಿ ಮ್ಯಾಲೆ ಭಾಳ ಪ್ರೀತಿ."

ಸಾಹೇಬರು ಹೊರಡುವ ಮುಂಚೆ ಭೀಮರಾಯನನ್ನು ಕರೆದು, ಊರಿಗೆಲ್ಲ ತಿಳಿಯುವಂತೆ ಎರಡು ಸಾಲು ಬರೆಸಲು ಹೇಳಿದರು. ಬರೆಯಲು ಬೆಳ್ಳಗಿನ ಗೋಡೆ ಊರಲ್ಲಿ ಒಂದೇ ಇತ್ತು. ಸಂಜೆಯೊಳಗೆ ಚಾವಡಿಯ ಗೋಡೆಯ ಮೇಲೆ ಕೆಮ್ಮಣ್ಣಿನ ದೊಡ್ಡ ಅಕ್ಷರಗಳು ಎದ್ದವು. ಮೇಲೊಂದು ಸಾಲು ಮರಾಠಿ, ಕೆಳಗೊಂದು ಸಾಲು ಕನ್ನಡ: ಹಂದಿಯ ಕೂಳಿಗೆ ಸುಣ್ಣ ಒಂದೇ ಚಿಟಿಕೆ. ಮಲಕಾಜಪ್ಪನ ಹಾಗೆ ಬೊಗಸೆ ಹಾಕಬಾರದು.

ಓದು ಬಂದವರು ಬಾರದವರಿಗೆ ಓದಿ ಹೇಳಿದರು. ಸಂಗವ್ವ ಮೂರು ಸಲ ಓದಿಸಿಕೊಂಡಳು. ಎಲ್ಲರೂ ನಕ್ಕು ಮನೆಗೆ ಹೋದ ಮೇಲೆ ಮಲಕಾಜಪ್ಪ ಗೋಡೆಯ ಮುಂದೆ ಒಬ್ಬನೇ ನಿಂತ. ಓದು ಬಾರದಿದ್ದರೂ ತನ್ನ ಹೆಸರು ಯಾವುದೆಂದು ಅವನಿಗೆ ಗೊತ್ತಿತ್ತು. ಸಿದ್ದವ್ವ ಹುಡುಕಿಕೊಂಡು ಬಂದಳು.

"ಮನಿಗಿ ನಡೀರಿ. ಒಂದು ಕೊಡ ನೀರು ತಂದೀನಿ, ಯಾರೂ ಇಲ್ಲದಾಗ ತಿಕ್ಕಿ ಅಳಸ್ರಿ."

ಮಲಕಾಜಪ್ಪ ಹೆಬ್ಬೆರಳಿಗೆ ಎಂಜಲು ಹಚ್ಚಿ ತನ್ನ ಹೆಸರಿನ ಮೊದಲ ಅಕ್ಷರವನ್ನು ತಿಕ್ಕಿದ. ಬಣ್ಣ ಬೆರಳಿಗೆ ಹತ್ತಲಿಲ್ಲ. ಅಂಗೈಯಿಂದ ತಿಕ್ಕಿದ. ರುಮಾಲು ಒದ್ದೆ ಮಾಡಿ ತಿಕ್ಕಿದ. ನಿನ್ನೆಯ ಹಸಿ ಸುಣ್ಣದೊಳಕ್ಕೆ ಇಳಿದು ಕೂತ ಕೆಮ್ಮಣ್ಣು ಒಂದು ಎಳೆಯೂ ಕದಲಲಿಲ್ಲ. ಬೆಳಗಿನಿಂದ ಬಾಗಿದ್ದ ಅವನ ಬೆನ್ನು ಮೆಲ್ಲಗೆ ನೆಟ್ಟಗಾಯಿತು.

"ನೋಡಿದೇನ? ಒಂದು ಅಕ್ಷರ ಸುದ್ದಾ ಹೋಗ್ಲಿಲ್ಲ."

"ಅಯ್ಯ ನಮ್ಮವ್ವ! ಮೊಮ್ಮಕ್ಕಳು ಸುದ್ದಾ ಓದ್ತಾರಲ್ರೀ ಇದನ್ನ!"

"ಓದ್ಲಿ ಬಿಡು" ಎಂದ ಮಲಕಾಜಪ್ಪ, ಕೊಡದ ನೀರನ್ನು ಗೋಡೆಗೆ ತಾಗದಂತೆ ಆಚೆ ಚೆಲ್ಲುತ್ತ. "ಓದಿ, ಗೋಡಿ ಮುಟ್ಟಿ ನೋಡ್ಲಿ. ಯಾರ ಸುಣ್ಣ ಅಂತ ಗೊತ್ತಾಗ್ತೈತಿ."